ಸೊಫೊನಿಸ್ಬಾಳ ವಯಸ್ಸು

ಇಟಲಿಯ ಕ್ರೆಮೋನಾದಲ್ಲಿ ಹುಟ್ಟಿದ ಸೊಫೊನಿಸ್ಬಾ ಆಂಗ್ವಿಸ್ಸೋಲಾ 1559ರಲ್ಲಿ ಸ್ಪೇನಿನ ಅರಮನೆ ಸೇರಿ, ಅಲ್ಲಿಯ ರಾಣಿಗೆ ಚಿತ್ರ ಬರೆಯುವುದನ್ನು ಕಲಿಸಿದವಳು. ಮೊದಲ ಗಂಡ ತೀರಿಕೊಂಡ ಮೇಲೆ ಜಿನೋವಾದ ಒರಾಝಿಯೊ ಲೊಮೆಲ್ಲಿನೊನನ್ನು ಮದುವೆಯಾದಳು. ಮುಪ್ಪಿನಲ್ಲಿ ಸಿಸಿಲಿ ದ್ವೀಪದ ಪಾಲೆರ್ಮೊದಲ್ಲಿ ನೆಲೆಸಿದಳು.

ಅಲ್ಲಿ 1624ರ ಜುಲೈನಲ್ಲಿ ತರುಣ ಚಿತ್ರಕಾರ ವಾನ್ ಡೈಕ್ ಅವಳನ್ನು ಕಂಡ. ಕಣ್ಣು ಮಂಜಾಗಿದ್ದರೂ ನೆನಪು ಚುರುಕಾಗಿದೆ, ವಯಸ್ಸು 96 ಎಂದು ಬರೆದುಕೊಂಡ. ಮರುವರ್ಷ ನವೆಂಬರ್ 16ರಂದು ಜಿನೋವಾದವರ ಸಂತ ಜಾರ್ಜ್ ಚರ್ಚಿನಲ್ಲಿ ಅವಳನ್ನು ಮಣ್ಣು ಮಾಡಿದರೆಂದು ದಾಖಲೆ ಹೇಳುತ್ತದೆ. ಅದೇ ಚರ್ಚಿನಲ್ಲಿ ಗಂಡ 1632ರಲ್ಲಿ ಅವಳ ನೆನಪಿಗೆ ಕಲ್ಲು ಹಾಕಿಸಿದ. ಅದು ಅವಳ ನೂರನೆಯ ವರ್ಷವೆಂದು ಹಿಡಿದರೆ ಹುಟ್ಟಿದ್ದು 1532. ವಾನ್ ಡೈಕನ ಲೆಕ್ಕದಲ್ಲಿ 1528.

ಶಾಲೆಯ ದಾಖಲಾತಿ ಪುಸ್ತಕ ಬರೆದು ರೂಢಿಯಾದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಈ ನಾಲ್ಕು ವರ್ಷದ ವ್ಯತ್ಯಾಸವೇ. ಮನಸ್ಸಿನಲ್ಲಿ ಉಳಿದದ್ದು ಮಾತ್ರ ಕಲ್ಲಿನ ಬರಹ. ಅದರಲ್ಲಿ ಗಂಡ ಅವಳನ್ನು ಜಗತ್ತಿನ ಹೆಸರಾಂತ ಸ್ತ್ರೀಯರ ಸಾಲಿಗೆ ಸೇರಿಸಿ, ಇಂಥ ದೊಡ್ಡವಳಿಗೆ ಇದು ಚಿಕ್ಕ ಕಾಣಿಕೆ ಎಂದಿದ್ದಾನೆ. ಮುಂದೆ ಅವಳು ಬರೆದ ದೊರೆ ಎರಡನೆಯ ಫಿಲಿಪನ ಚಿತ್ರವನ್ನೂ ಜನ ಬಹುಕಾಲ ಗಂಡಸೊಬ್ಬನದೆಂದೇ ನಂಬಿದ್ದರು. ಆ ಕಾಲದಲ್ಲೆಲ್ಲ ಪಾಲೆರ್ಮೊದ ಆ ಕಲ್ಲಿನ ಮೇಲೆ ಅವಳ ಹೆಸರಿತ್ತು, ಓದುವವರಿಗಾಗಿ ಕಾದಿತ್ತು.