ಹಾಲು ಇಳಿಯುವ ಮುಂಚಿನ ಮೂರು ರಾತ್ರಿ

ನನ್ನ ಮಗಳು ಹುಟ್ಟಿದ್ದು ಮುಂಬಯಿಯ ಆಸ್ಪತ್ರೆಯೊಂದರಲ್ಲಿ, ದಿನ ತುಂಬುವುದಕ್ಕೆ ಆರು ವಾರ ಮೊದಲೇ. ತೂಕ ಒಂದು ಕಿಲೋ ಎಂಟುನೂರು ಗ್ರಾಂ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಧಾರವಾಡಕ್ಕೆ ಟಿಕೆಟ್ ಕೂಡ ತೆಗೆಸಿಯಾಗಿತ್ತು. ಮಗು ಕಾಯಲಿಲ್ಲ. ಕೊನೆಗೆ ತವರೇ ರಾತ್ರಿ ಬಸ್ಸು ಹತ್ತಿ ನನ್ನ ಹತ್ತಿರ ಬಂತು. ಅವ್ವನ ಚೀಲದಲ್ಲಿ ಅಂಟಿನುಂಡೆಯ ಸಾಮಾನು, ಒಂದು ಸೀಸೆ ಜೇನುತುಪ್ಪ, ನಾನೂ ನನ್ನ ಅಣ್ಣನೂ ಹಾಲು ಕುಡಿದ ಬೆಳ್ಳಿಯ ಒಳಲೆ.

ಜೇನುತುಪ್ಪವನ್ನು ನರ್ಸ್ ಬಾಗಿಲಲ್ಲೇ ತಡೆದರು. ಎರಡನೆಯ ದಿನವಾದರೂ ನನಗೆ ಬಂದದ್ದು ಹಳದಿಯ ನಾಲ್ಕು ಹನಿ. ಅದನ್ನು ಸಿರಿಂಜಿನಲ್ಲಿ ಎಳೆದು ಮಗುವಿನ ಬಾಯಿಗೆ ಬಿಟ್ಟರು. ಸಾಲಲಿಲ್ಲ. ಆಗ ಒಂದು ಕಾಗದ ತಂದು ಮುಂದಿಟ್ಟರು: ಬೇರೆ ತಾಯಂದಿರು ಕೊಟ್ಟ ಹಾಲು, ಕಾಯಿಸಿ ಪರೀಕ್ಷೆ ಮಾಡಿದ್ದು, ಕೊಡಬಹುದೇ?

ಅವ್ವ ಕೇಳಿದಳು, "ಯಾರ ಹಾಲವ್ವಾ ಇದು? ಯಾವ ಮಂದೀದು ಅಂತ ಕೇಳು."

ನಾನು ಕೇಳಲಿಲ್ಲ. ಸಹಿ ಹಾಕಿದೆ. ಅವ್ವ ಸಂಜೆಯವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಆವತ್ತು ಅವಳ ಮೇಲೆ ನನಗೆ ಬಂದಿದ್ದ ಸಿಟ್ಟು ಇಳಿಯಲು ತಿಂಗಳುಗಳು ಹಿಡಿದವು. ರಜೆಯ ಕೊನೆಯ ವಾರಗಳಲ್ಲಿ ಮಗು ಮಲಗಿದಾಗ ಓದತೊಡಗಿದೆ. ಅವ್ವನ ಪ್ರಶ್ನೆ ಅವಳೊಬ್ಬಳದ್ದಾಗಿರಲಿಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಧಾತ್ರಿಯನ್ನು, ಅಂದರೆ ಹಾಲೂಡಿಸುವ ದಾದಿಯನ್ನು, ಆರಿಸುವ ಲಕ್ಷಣಗಳ ಪಟ್ಟಿಯಿದೆ. ಅದರಲ್ಲಿ ಎಲ್ಲಕ್ಕಿಂತ ಮೊದಲ ಲಕ್ಷಣ 'ಸಮಾನವರ್ಣಾ'. ವಯಸ್ಸು, ಆರೋಗ್ಯ, ಸ್ವಭಾವ ಎಲ್ಲ ಆಮೇಲೆ. ಸುಶ್ರುತನೂ ವರ್ಣಕ್ಕೆ ತಕ್ಕ ಧಾತ್ರಿಯನ್ನೇ ಹೇಳುತ್ತಾನೆ. ಓದಿರದ ಗ್ರಂಥದ ಪ್ರಶ್ನೆಯನ್ನೇ ಅವ್ವ ಆಸ್ಪತ್ರೆಯ ಕಾರಿಡಾರಿನಲ್ಲಿ ಕೇಳಿದ್ದಳು.

ಆದರೆ ಅದೇ ಗ್ರಂಥಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಹೆರಿಗೆಯಾಗಿ ಮೂರು ಅಥವಾ ನಾಲ್ಕು ರಾತ್ರಿ ಕಳೆದ ಮೇಲೆ ಹಾಲು ಹರಿಯತೊಡಗುತ್ತದೆ ಎಂದು ಸುಶ್ರುತ ಬರೆಯುತ್ತಾನೆ. ಇದು ಸರಿಯಾದ ಗಮನಿಕೆ. ಇವತ್ತಿನ ವೈದ್ಯರೂ ಹಾಲು ತುಂಬಿ ಬರುವುದು ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಎನ್ನುತ್ತಾರೆ. ಆದರೆ ಅಲ್ಲಿಯವರೆಗೆ ಎದೆ ಬರಿದು ಎಂದುಕೊಂಡದ್ದೇ ತಪ್ಪಾಯಿತು. ಆ ಬರಿದನ್ನು ತುಂಬಲು ಜೇನು ಮತ್ತು ತುಪ್ಪ ಬಂತು. ಚರಕ ಇಲ್ಲಿ ಬೇರೆ ದಾರಿ ಹಿಡಿಯುತ್ತಾನೆ. ಅವನೂ ಜೇನುತುಪ್ಪ ನೆಕ್ಕಿಸುತ್ತಾನೆ, ಆದರೆ ಅದರ ಬೆನ್ನಿಗೇ ಬಲ ಮೊಲೆಯನ್ನು ಕುಡಿಸಲು ಹೇಳುತ್ತಾನೆ. ನಮ್ಮ ಮನೆಗಳಲ್ಲಿ ಗೆದ್ದದ್ದು ಸುಶ್ರುತನ ಪಕ್ಷ. ಸಕ್ಕರೆ ನೀರು, ಹರಳೆಣ್ಣೆ, ಜೇನು, ಎಲ್ಲವೂ ಆ ಮೂರು ರಾತ್ರಿಗಳಿಗೆ. ಹಳದಿ ಹಾಲನ್ನು 'ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲಿದ್ದನ್ನು ಅವ್ವ ತಾನೇ ಕಂಡಿದ್ದಾಳೆ. (ಎಮ್ಮೆ ಈದರೆ ಗಿಣ್ಣಕ್ಕಾಗಿ ಓಣಿಯೆಲ್ಲ ಪಾತ್ರೆ ಹಿಡಿದು ಬರುತ್ತಿತ್ತು. ಎಮ್ಮೆಯದು ಅಮೃತ, ಬಾಣಂತಿಯದು ಕೆಟ್ಟದ್ದು!) ಆ ಹಳದಿಯಲ್ಲೇ ಸೋಂಕು ತಡೆಯುವ ಅಂಶಗಳು ಹೆಚ್ಚು ಎಂಬುದು ಗೊತ್ತಾದದ್ದು ಬಹಳ ತಡವಾಗಿ. ಜೇನಿನಿಂದ ಎಳೆಗೂಸಿಗೆ ಬಾಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಕೂಸುಗಳ ಈ ಕಾಯಿಲೆಯನ್ನು ಗುರುತಿಸಿದ್ದೇ 1976ರಲ್ಲಿ.

ಇದು ನಮ್ಮವರೊಬ್ಬರ ತಪ್ಪೂ ಅಲ್ಲ. ಯುರೋಪಿನಲ್ಲೂ ಮೊದಲ ಹಾಲಿಗೆ ಇದೇ ಗತಿಯಾಗಿತ್ತು. 1748ರಲ್ಲಿ ವಿಲಿಯಂ ಕ್ಯಾಡೊಗನ್ ಎಂಬ ವೈದ್ಯ ಲಂಡನ್ನಿನ ಅನಾಥ ಮಕ್ಕಳ ಆಸ್ಪತ್ರೆಗೆ ಬರೆದ ಪ್ರಬಂಧದಲ್ಲಿ, ಮಗುವಿಗೆ ಬೇರೇನೂ ತುರುಕಬೇಡಿ, ತಾಯಿಯ ಎದೆಗೆ ಬೇಗ ಹಚ್ಚಿ ಎಂದು ವಾದಿಸಬೇಕಾಯಿತು.

"ಹಾಲು ಇನ್ನೂ ಬಂದಿಲ್ಲ" ಎಂಬ ಮಾತು ಆಮೇಲೆ ವ್ಯಾಪಾರಕ್ಕೂ ಒದಗಿತು. ಸ್ವಿಟ್ಜರ್ಲೆಂಡಿನ ಹೆನ್ರಿ ನೆಸ್ಲೆ ಹಾಲು ಮತ್ತು ಗೋಧಿಯ ಶಿಶು ಆಹಾರ ತಯಾರಿಸಿದ್ದು 1867ರಲ್ಲಿ. ಡಬ್ಬಿಯ ಹಾಲು ಮೊದಲ ದಿನಗಳಲ್ಲೇ ಬಾಯಿಗೆ ಬಿದ್ದರೆ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪದಿದ್ದರೆ ಹಾಲು ಕಡಿಮೆಯಾಗುತ್ತದೆ. ಆಮೇಲೆ ಡಬ್ಬಿ ನಿಜವಾಗಿಯೂ ಬೇಕಾಗುತ್ತದೆ. ಕೊಳ್ಳಲು ದುಡ್ಡಿಲ್ಲದವರು ಪುಡಿಗೆ ಹೆಚ್ಚು ನೀರು ಬೆರೆಸುತ್ತಾರೆ, ಅದೂ ಕೊಳಕು ನೀರು. 1939ರಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್ ಸಿಂಗಾಪುರದ ರೋಟರಿ ಕ್ಲಬ್ಬಿನಲ್ಲಿ ಇದನ್ನು ಹಾಲಿನ ಹೆಸರಿನ ಕೊಲೆ ಎಂದೇ ಕರೆದರು. ಜಗತ್ತು ಕಿವಿಗೊಡಲು ನಾಲ್ಕು ದಶಕ ಹಿಡಿಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯಲ್ಲಿ ಡಬ್ಬಿ ಹಾಲಿನ ಮಾರಾಟಕ್ಕೆ ಸಂಹಿತೆಯೊಂದು ಒಪ್ಪಿತವಾದಾಗ ಪರವಾಗಿ 118 ಮತ, ವಿರುದ್ಧ ಒಂದೇ ಒಂದು, ಅಮೆರಿಕದ್ದು. ನಮ್ಮಲ್ಲಿ 1992ರ ಕಾಯ್ದೆ ಬಂತು. ಇವತ್ತು ಡಬ್ಬಿಯ ಮೇಲೆ ಮಗುವಿನ ಚಿತ್ರ ಕಾಣದಿರುವುದು ಆ ಕಾಯ್ದೆಯಿಂದ.

ಡಬ್ಬಿಯನ್ನು ಬೈದು ಮುಗಿಸುವಷ್ಟು ಸರಳವಲ್ಲ ಇದು. ತಾಯಿ ತೀರಿಕೊಂಡ ಕೂಸುಗಳನ್ನು ಅದು ಬದುಕಿಸಿದೆ. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ರೂಪುಗೊಂಡದ್ದು ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ. ಅಮುಲ್ ಅದನ್ನು ದೇಶಕ್ಕೆಲ್ಲ ಮುಟ್ಟಿಸಿತು. ಹೊರದೇಶದ ಡಬ್ಬಿಗೆ ಕೈಚಾಚದಿರಲು ಅದೊಂದು ದೊಡ್ಡ ಸಾಧನೆಯೇ. ಆ ಸಂಸ್ಥೆ ಇರುವುದು ಚೆಲುವಾಂಬ ಮ್ಯಾನ್ಶನ್ ಎಂಬ ಅರಮನೆಯಲ್ಲಿ, ಮೈಸೂರಿನ ಹೆರಿಗೆ ಆಸ್ಪತ್ರೆಯ ಹೆಸರೂ ಚೆಲುವಾಂಬ. ಒಂದೇ ಊರಿನಲ್ಲಿ ಒಂದೇ ಹೆಸರಿನ ಒಂದು ಕಟ್ಟಡದಲ್ಲಿ ಮೊಲೆಹಾಲು, ಇನ್ನೊಂದರಲ್ಲಿ ಅದರ ಬದಲಿ.

ಹಾಲಿದ್ದೂ ಕುಡಿಸಲಾಗದವರು ನಾನಿರುವ ಈ ಊರಲ್ಲೇ ಇದ್ದರು. ಮುಂಬಯಿಯ ಹತ್ತಿ ಗಿರಣಿಗಳ ಹೆಂಗಸರು ಕೂಸಿಗೆ ಅಫೀಮಿನ 'ಬಾಳಗೋಳಿ' ತಿನ್ನಿಸಿ, ನಿದ್ದೆ ಹತ್ತಿಸಿ ಪಾಳಿಗೆ ಹೋಗುತ್ತಿದ್ದರು. 1928ರ ಜುಲೈನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂದಾಗ ಅಂಬೇಡ್ಕರ್ ಅದರ ಪರ ನಿಂತರು. ಹೆರಿಗೆಯ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ ಎಂದರು. ಮರುವರ್ಷ ಬಂದ ಕಾಯ್ದೆ, ಹೆತ್ತ ನಾಲ್ಕು ವಾರ ಅವಳನ್ನು ಕೆಲಸಕ್ಕೆ ಹಚ್ಚಬಾರದು ಎಂದಿತು. ನನಗೆ 26 ವಾರ ರಜೆ ಸಿಕ್ಕಿತು. ಆ ನಾಲ್ಕು ವಾರ ಬೆಳೆದು ಇಷ್ಟಾಗಲು 88 ವರ್ಷ ಬೇಕಾಯಿತು. ನಮ್ಮ ಫ್ಲ್ಯಾಟಿನ ಕೆಲಸದಾಕೆಗೆ ಇವತ್ತಿಗೂ ಅದು ಒಂದು ವಾರವೂ ಇಲ್ಲ.

ಇನ್ನು ನನ್ನ ಮಗಳು ಕುಡಿದ ಹಾಲಿನ ಕಥೆ. ತಾಯಿಹಾಲಿನ ಮೊದಲ ಬ್ಯಾಂಕು ತೆರೆದದ್ದು 1909ರಲ್ಲಿ, ವಿಯೆನ್ನಾದಲ್ಲಿ. 1980ರ ದಶಕದಲ್ಲಿ ಎಚ್‌ಐವಿ ಭಯದಿಂದ ಎಷ್ಟೋ ದೇಶಗಳಲ್ಲಿ ಇಂಥ ಬ್ಯಾಂಕುಗಳು ಬಾಗಿಲು ಹಾಕುತ್ತಿದ್ದವು. ಅದೇ ಹೊತ್ತಿಗೆ, 1989ರ ನವೆಂಬರಿನಲ್ಲಿ, ಧಾರಾವಿಯ ಮಗ್ಗುಲಿನ ಸಾಯನ್ ಮುನಿಸಿಪಲ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಏಷ್ಯಾದಲ್ಲೇ ಮೊದಲನೆಯ ಬ್ಯಾಂಕನ್ನು ಶುರುಮಾಡಿದರು. ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನ ನಾಟಕಗಳಿಗೆ ಹೋಗುವಾಗ ಎಷ್ಟು ಸಲ ಆ ರಸ್ತೆಯಲ್ಲಿ ಹಾದಿದ್ದೇನೋ! ಕೊಡುವ ತಾಯಿಯ ರಕ್ತಪರೀಕ್ಷೆ ಮಾಡುತ್ತಾರೆ. ಹಲವರ ಹಾಲನ್ನು ಬೆರೆಸಿ 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ತಣಿಸಿ, ಮತ್ತೆ ಪರೀಕ್ಷಿಸಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಅವ್ವನ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಅದು ಒಬ್ಬಳ ಹಾಲಾಗಿರಲಿಲ್ಲ.

ಮೂರನೆಯ ದಿನ ನರ್ಸ್ ಆ ಹಾಲನ್ನು ಕುಡಿಸಲು ಮೂತಿಯಿರುವ ಪುಟ್ಟ ಸ್ಟೀಲ್ ಬಟ್ಟಲು ತಂದರು. ಮಲಯಾಳಿ ಹುಡುಗಿ, 'ಪಾಲಾಡ' ಅಂದಳು. ಬಾಟಲಿಗಿಂತ ಇದೇ ಒಳ್ಳೆಯದಂತೆ, ತೊಳೆಯುವುದು ಸುಲಭ. ಅವ್ವ ಎದ್ದು ಹತ್ತಿರ ಹೋದಳು. "ಅಯ್ಯ, ಇದು ನಮ್ಮ ಒಳಲೆ ಅಲ್ಲೇನು!" ಎಂದಳು. ನರ್ಸ್ ಹಿಡಿದ ರೀತಿ ಅವಳಿಗೆ ಸರಿಬರಲಿಲ್ಲ. ಕೈ ತೊಳೆದುಕೊಂಡು, ಗೌನು ಹಾಕಿಸಿಕೊಂಡು, ತಾನೇ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ಹಚ್ಚಿ ಹನಿಹನಿಯಾಗಿ ಬಿಟ್ಟಳು. ಹತ್ತು ಎಂಎಲ್‌ಗೆ ಇಪ್ಪತ್ತು ನಿಮಿಷ. ಯಾರ ಹಾಲು ಎಂದು ಮತ್ತೆ ಕೇಳಲಿಲ್ಲ.

ನಾಲ್ಕನೆಯ ರಾತ್ರಿ ನನಗೆ ಹಾಲು ಇಳಿಯಿತು. ಎರಡನೆಯ ವಾರ ಮಿಗುವಷ್ಟಾಯಿತು. ಮಿಕ್ಕದ್ದನ್ನು ಬ್ಯಾಂಕಿಗೆ ಕೊಡಲು ಫಾರ್ಮ್ ತುಂಬುವಾಗ ಅವ್ವ ಪಕ್ಕದಲ್ಲಿದ್ದಳು. ಹೆಸರು, ವಯಸ್ಸು, ಹೆರಿಗೆಯ ದಿನ, ಕಾಯಿಲೆಗಳು. ಪೂರ್ತಿ ಓದಿಸಿ ಕೇಳಿಕೊಂಡು, "ಇಷ್ಟ ಕೇಳ್ತಾರೇನು?" ಎಂದಳು.

ಊರಲ್ಲಿ ಬಂಧುಗಳು ಮಗು ಮೊದಲ ದಿನಗಳಲ್ಲಿ ಹೇಗೆ ಬದುಕಿತು ಎಂದು ಕೇಳಿದರೆ ಅವಳು "ಡಾಕ್ಟರು ಏನೋ ಔಷಧ ಕೊಟ್ಟರು" ಎನ್ನುತ್ತಾಳೆ. ಮಗಳಿಗೆ ಈಗ ನಾಲ್ಕು ವರ್ಷ. ಅವ್ವ ಇನ್ನೂ ಹಾಗೆಯೇ ಹೇಳುತ್ತಾಳೆ, ನಾನು ಪಕ್ಕದಲ್ಲೇ ಕೂತಿದ್ದರೂ.