ಹಳೆಯ ಗಾಡಿ, ಹೊಸ ಹಾಡು

ಹಳೆಯ ಮೋಟಾರುಗಾಡಿಯ ಹಾಡಿನ ಪೆಟ್ಟಿಗೆಗೆ ಕ್ಯಾಸೆಟ್ಟನ್ನು ನುಂಗುವ ಬಾಯಿಯೊಂದುಂಟು. ಹುಡುಗರ ಜೇಬಿನಲ್ಲಿರುವ ಹಾಡಿನ ಯಂತ್ರಕ್ಕಾದರೋ ಕ್ಯಾಸೆಟ್ಟಿನ ಪರಿಚಯವೇ ಇಲ್ಲ. ಸಾವಿರ ಹಾಡು ಹೊತ್ತು ಬಂದ ನೆಂಟ ಬಾಗಿಲಲ್ಲಿ ನಿಂತಿದ್ದಾನೆ; ಮನೆಯ ಯಜಮಾನನಿಗೆ ಅವನ ಭಾಷೆ ಬಾರದು. ಇವರಿಬ್ಬರನ್ನೂ ಮಾತಾಡಿಸುವುದು ಹೇಗೆಂಬ ಪ್ರಶ್ನೆ ನಿನ್ನೆ ಮೊನ್ನೆ ಹುಟ್ಟಿದ್ದೆಂದು ತೋರಬಹುದು. ಆದರೆ ಮೋಟಾರಿನೊಳಗೆ ಸಂಗೀತ ಹೊಕ್ಕ ದಿನದಿಂದಲೂ ಈ ತೊಡಕು ಬೇರೆ ಬೇರೆ ವೇಷಗಳಲ್ಲಿ ಬರುತ್ತಲೇ ಇದೆ.

ಅಮೆರಿಕದ ಷಿಕಾಗೋ ನಗರದ ಪಾಲ್ ಗ್ಯಾಲ್ವಿನ್ ಮತ್ತು ಆತನ ತಮ್ಮ ಜೋಸೆಫ್ 1930ರಲ್ಲಿ ತಮ್ಮ ಸ್ಟುಡಿಬೇಕರ್ ಗಾಡಿಯೊಳಗೆ ರೇಡಿಯೋ ಒಂದನ್ನು ಕೂರಿಸಿ, ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದರು. ಒಳಗೆ ಮಳಿಗೆ ಹಿಡಿಯುವ ಅನುಕೂಲ ಇರಲಿಲ್ಲವಾಗಿ ಗಾಡಿಯನ್ನು ಹೊರಗೆ ನಿಲ್ಲಿಸಿ ರೇಡಿಯೋ ಹಾಡಿಸಿದರು. ಅವರು ಅದಕ್ಕಿಟ್ಟ ಮೋಟೊರೋಲಾ ಎಂಬ ಹೆಸರೇ ಮುಂದೆ ದೊಡ್ಡ ಸಂಸ್ಥೆಯ ಹೆಸರಾಯಿತು. ಅಂದಿನ ರೇಡಿಯೋ ಕವಾಟಗಳಿಗೆ ನೂರಾರು ವೋಲ್ಟಿನ ವಿದ್ಯುತ್ತು ಬೇಕು. ಗಾಡಿಯ ಬ್ಯಾಟರಿ ಕೊಡುತ್ತಿದ್ದುದು ಆರೇ ವೋಲ್ಟು. ಅದೂ ಸಾಲದೆಂಬಂತೆ ಎಂಜಿನಿನಲ್ಲಿ ಪೆಟ್ರೋಲನ್ನು ಹೊತ್ತಿಸುವ ಪ್ರತಿಯೊಂದು ಕಿಡಿಯೂ ತಾನೇ ಒಂದು ಪುಟ್ಟ ಪ್ರಸಾರಕೇಂದ್ರವಾಗಿ ರೇಡಿಯೋದಲ್ಲಿ ಚಟಚಟ ಸದ್ದು ಎಬ್ಬಿಸುತ್ತಿತ್ತು. ಈ ಕಿಡಿಯ ಬಾಯಿ ಮುಚ್ಚಿಸುವುದರಲ್ಲೇ ಆ ಕಾಲದ ಎಂಜಿನಿಯರುಗಳ ಅರ್ಧ ಆಯುಸ್ಸು ಕಳೆದಿರಬೇಕು. ಇದೇ ಹಗೆಯನ್ನು ನಾವು ಮುಂದೆ ಇನ್ನೊಮ್ಮೆ ಕಾಣಲಿದ್ದೇವೆ.

ರೇಡಿಯೋ ಕೊಟ್ಟದ್ದನ್ನು ಕೇಳಬೇಕೇ ಹೊರತು, ಬೇಕೆಂದ ಹಾಡು ಬೇಕೆಂದಾಗ ಸಿಕ್ಕದು. ಆದ್ದರಿಂದ ಗಾಡಿಯಲ್ಲಿ ಗ್ರಾಮೋಫೋನನ್ನೇ ಇಡುವ ಸಾಹಸ ನಡೆಯಿತು. ಕ್ರೈಸ್ಲರ್ ಸಂಸ್ಥೆಯ 1956ರ ಗಾಡಿಗಳಲ್ಲಿ ಬಂದ ಹೈವೇ ಹೈಫೈ ಎಂಬ ಯಂತ್ರದಲ್ಲಿ ಏಳು ಅಂಗುಲದ ತಟ್ಟೆಗಳು ನಿಮಿಷಕ್ಕೆ 16⅔ ಸುತ್ತಿನಂತೆ ತಿರುಗುತ್ತಿದ್ದವು. ಇದನ್ನು ರೂಪಿಸಿದವನು ದೀರ್ಘಾವಧಿಯ ತಟ್ಟೆಯಿಂದ ಹೆಸರಾದ ಪೀಟರ್ ಗೋಲ್ಡ್‌ಮಾರ್ಕ್. ಬುದ್ಧಿವಂತಿಕೆಗೇನೂ ಕೊರತೆಯಿರಲಿಲ್ಲ. ಆದರೆ ಮನೆಯ ತಟ್ಟೆ ಗಾಡಿಯಲ್ಲಿ ಹಾಡದು, ಗಾಡಿಯ ತಟ್ಟೆ ಮನೆಯಲ್ಲಿ ಹಾಡದು. ಒಂದೇ ಹಾಡಿಗೆ ಎರಡು ಸಲ ದುಡ್ಡು ತೆರಲು ಯಾರು ಒಪ್ಪಿಯಾರು? ರಸ್ತೆಯ ಕುಲುಕಾಟಕ್ಕೆ ಸೂಜಿಯ ಕಾಟ ಬೇರೆ. ಕೆಲವೇ ವರ್ಷಗಳಲ್ಲಿ ಅದು ಮೂಲೆ ಸೇರಿತು.

ಆ ಮೇಲೆ ಟೇಪಿನ ಕಾಲ. ಬಿಲ್ ಲಿಯರ್ ಎಂಬಾತ 1964ರಲ್ಲಿ ರೂಪಿಸಿದ ಎಂಟು ಹಾದಿಯ ಟೇಪು, ಮರುವರ್ಷವೇ ಫೋರ್ಡ್ ಸಂಸ್ಥೆಯ 1966ರ ಮಾದರಿಗಳೊಂದಿಗೆ ಗಾಡಿಗಳನ್ನು ಹೊಕ್ಕಿತು. ಕೊನೆಯಿಲ್ಲದ ಉಂಗುರದಂತೆ ಸುತ್ತುವ ಟೇಪು ಅದು. ನಾಲ್ಕು ಭಾಗಗಳಾಗಿ ಹಾಡುಗಳನ್ನು ಹಂಚಬೇಕಾದ್ದರಿಂದ ಎಷ್ಟೋ ವೇಳೆ ಹಾಡು ನಡುವೆಯೇ ಕಡಿದು, ಟಕ್ಕೆಂದು ಸದ್ದಾಗಿ, ಮುಂದುವರಿಯುತ್ತಿತ್ತು. ಷಟ್ಪದಿಯ ಮೂರನೆಯ ಪಾದದ ಅರ್ಧದಲ್ಲಿ ಗಮಕಿಯ ಬಾಯಿ ಮುಚ್ಚಿ ತೆಗೆದಂತೆ! ಅಷ್ಟರಲ್ಲಿ, 1963ರಲ್ಲೇ, ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯ ಲೂ ಓಟೆನ್ಸ್ ಮತ್ತು ಅವನ ಸಂಗಡಿಗರು ರೂಪಿಸಿದ ಪುಟ್ಟ ಕ್ಯಾಸೆಟ್ಟು ಬರ್ಲಿನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಿತ್ತು. ಅದರಲ್ಲಿ ಎಡಬಲ ಧ್ವನಿಗಳ ಎರಡು ಹಾದಿಗಳನ್ನು, ಮೊದಲು ಒಂದೇ ಧ್ವನಿಗೆಂದಿದ್ದ ಅಗಲದೊಳಗೇ ಪಕ್ಕಪಕ್ಕದಲ್ಲಿ ಇಟ್ಟರು. ಹೀಗಾಗಿ ಹೊಸ ಸ್ಟೀರಿಯೋ ಕ್ಯಾಸೆಟ್ಟು ಹಳೆಯ ಯಂತ್ರದಲ್ಲೂ ಹಾಡಿತು, ಹಳೆಯದು ಹೊಸದರಲ್ಲೂ ಹಾಡಿತು. ಇದನ್ನು ನಾನು ದೊಡ್ಡ ಮನಸ್ಸೆನ್ನುತ್ತೇನೆ. ಎಂಟು ಹಾದಿಯ ಯಂತ್ರವುಳ್ಳ ಗಾಡಿಗಳಿಗಾಗಿ, ಅದರ ಬಾಯಿಗೆ ತುರುಕಿ ಕ್ಯಾಸೆಟ್ಟನ್ನು ಹಾಡಿಸುವ ನಡುವಣ ಪೆಟ್ಟಿಗೆಗಳೂ ಮಾರಾಟವಾದವು. ಹಳೆಯದರ ಬಾಯಿಗೆ ಹೊಸತನ್ನು ಉಣಿಸುವ ಉಪಾಯ, ನೋಡಿ, ಎಷ್ಟು ಹಿಂದಿನದು.

ಸೋನಿಯವರ ವಾಕ್‌ಮನ್ 1979ರಲ್ಲಿ ಬಂದಿತು. 1982ರಲ್ಲಿ ಬೆಳಕಿನಿಂದ ಓದುವ ಸಿ.ಡಿ. ತಟ್ಟೆ, 1984ರಲ್ಲಿ ಅದನ್ನೇ ಕೈಯಲ್ಲಿ ಹಿಡಿದು ತಿರುಗಾಡುವ ಯಂತ್ರ. ಗಾಡಿಗಳಲ್ಲಿದ್ದುದು ಮಾತ್ರ ಕ್ಯಾಸೆಟ್ಟಿನ ಬಾಯಿ. ಆಗ ಬಂದುದೇ ಆ ಹುಸಿ ಕ್ಯಾಸೆಟ್ಟು: ಆಕಾರದಲ್ಲಿ ಥೇಟು ಕ್ಯಾಸೆಟ್ಟೇ, ಒಳಗೆ ಟೇಪಿಲ್ಲ, ಬಾಲದಂತೆ ಒಂದು ತಂತಿ.

ಇದರ ಮರ್ಮ ಸ್ವಾರಸ್ಯವಾದುದು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಯಂತ್ರದ ಹೆಡ್ಡನ್ನು ಸವರಿಕೊಂಡು ಹೋಗುತ್ತದೆ. ಟೇಪಿನಲ್ಲಿ ಅಡಗಿರುವ ಅಯಸ್ಕಾಂತದ ಏರಿಳಿತವನ್ನು ಹೆಡ್ಡು ವಿದ್ಯುತ್ತಿನ ಏರಿಳಿತವನ್ನಾಗಿ ಮಾಡಿಕೊಳ್ಳುತ್ತದೆ. ಅದಕ್ಕೆ ಬೇಕಾದುದು ಏರಿಳಿತ ಮಾತ್ರ. ಅದು ಟೇಪಿನಿಂದ ಬಂದಿತೇ ಬೇರೆಲ್ಲಿಂದಲಾದರೂ ಬಂದಿತೇ ಎಂದು ಹೆಡ್ಡು ಕುಲಗೋತ್ರ ಕೇಳುವುದಿಲ್ಲ. ಹುಸಿ ಕ್ಯಾಸೆಟ್ಟಿನೊಳಗೆ ಇನ್ನೊಂದು ಹೆಡ್ಡನ್ನು ಇದಕ್ಕೆ ಎದುರುಬದುರಾಗಿ ಕೂರಿಸಿದ್ದಾರೆ. ಜೇಬಿನ ಯಂತ್ರದಿಂದ ತಂತಿಯಲ್ಲಿ ಹರಿದ ಹಾಡು ಆ ಹೆಡ್ಡಿನಲ್ಲಿ ಅಯಸ್ಕಾಂತದ ತರಂಗವಾಗಿ, ಎದುರಿನ ಹೆಡ್ಡಿಗೆ ನೇರವಾಗಿ ದಾಟುತ್ತದೆ. ಆದರೆ ಯಂತ್ರ ಇನ್ನೊಂದನ್ನು ಪರೀಕ್ಷಿಸುತ್ತದೆ: ಸುರುಳಿ ತಿರುಗದಿದ್ದರೆ ಟೇಪು ಮುಗಿಯಿತೆಂದು ನಿಂತುಬಿಡುತ್ತದೆ, ಇಲ್ಲವೆ ಕ್ಯಾಸೆಟ್ಟನ್ನು ಉಗುಳುತ್ತದೆ. ಅದಕ್ಕಾಗಿ ಒಳಗೆ ಸಣ್ಣ ಹಲ್ಲುಚಕ್ರಗಳನ್ನಿಟ್ಟು ಸುಮ್ಮನೆ ತಿರುಗಿಸುತ್ತಾರೆ. ಹಾಡಿನ ಹಿನ್ನೆಲೆಯಲ್ಲಿ ಕೇಳುವ ಕಿರಿಕಿರಿ ಸದ್ದು ಆ ನಾಟಕದ್ದು.

ಮೂವತ್ತು ವರ್ಷ ಸಂಧಿಪ್ರಕರಣ ಪಾಠ ಮಾಡಿದವನಿಗೆ ಇಲ್ಲಿ ವ್ಯಾಕರಣ ನೆನಪಾಗದೆ ಇರದು. ‘ಮನೆ’ಯ ಮುಂದೆ ‘ಅನ್ನು’ ಬಂದರೆ ಸ್ವರಕ್ಕೆ ಸ್ವರ ಕೂಡದು. ನಡುವೆ ಯಕಾರ ಬಂದು ‘ಮನೆಯನ್ನು’ ಎಂದಾಗುತ್ತದೆ. ಆ ಯಕಾರಕ್ಕೆ ಸ್ವಂತ ಅರ್ಥವಿಲ್ಲ, ಬೆಸೆಯುವುದಷ್ಟೇ ಅದರ ಕೆಲಸ. ಹುಸಿ ಕ್ಯಾಸೆಟ್ಟು ಮಾಡುವುದೂ ಆಗಮಸಂಧಿಯನ್ನೇ. ಹಳೆಯ ಪೆಟ್ಟಿಗೆಯನ್ನು ಕಿತ್ತು ಹೊಸದನ್ನು ಹಾಕಿಸುವವರದು ಆದೇಶಸಂಧಿ. ಅದೂ ಶಾಸ್ತ್ರಸಮ್ಮತವೇ, ಆದರೆ ಎಷ್ಟೋ ಮನೆಗಳಲ್ಲಿ ಕ್ಯಾಸೆಟ್ಟು ಹಾಡುವ ಯಂತ್ರ ಉಳಿದಿರುವುದು ಗಾಡಿಯಲ್ಲಿ ಮಾತ್ರ. ಅದನ್ನು ಗುಜರಿಗೆ ಹಾಕಿದ ದಿನ, ಮದುವೆಮನೆಯಲ್ಲಿ ಅಜ್ಜಿ ಹೇಳಿದ ಸೋಬಾನೆಪದದ ಕ್ಯಾಸೆಟ್ಟು ಪೆಠಾರಿಯಲ್ಲಿ ಮೂಕವಾಗುತ್ತದೆ. ಕೀಳಿಸುವ ಮೊದಲು ಆ ಕ್ಯಾಸೆಟ್ಟುಗಳ ಪ್ರತಿ ತೆಗೆಸಿಟ್ಟುಕೊಳ್ಳಿರೆಂದು ಹೇಳದೆ ಇರಲಾರೆ.

ಕ್ಯಾಸೆಟ್ಟಿನ ಬಾಯಿಯೂ ಇಲ್ಲದ ಗಾಡಿಗಳಿಗೆ ಇನ್ನೊಂದು ದಾರಿ ಉಂಟು. ಬೆರಳುದ್ದದ ಪ್ರಸಾರಯಂತ್ರವೊಂದನ್ನು ಸಿಗರೇಟು ಹೊತ್ತಿಸುವ ರಂಧ್ರಕ್ಕೆ ಸಿಕ್ಕಿಸಿದರೆ ಅದು ಹಾಡನ್ನು ಎಫ್.ಎಂ. ಅಲೆಯಾಗಿ ಬಿತ್ತರಿಸುತ್ತದೆ, ಮೊಳದ ದೂರದಲ್ಲಿರುವ ರೇಡಿಯೋ ಅದನ್ನು ಹಿಡಿಯುತ್ತದೆ. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದ್ದನ್ನು ಬಲ್ಲ ನಮಗೆ, ಈಗ ಪ್ರತಿ ಗಾಡಿಯೂ ಒಂದು ಆಕಾಶವಾಣಿಯಾಗಿರುವುದು ವಿನೋದವಾಗಿ ಕಾಣುತ್ತದೆ. ಸರ್ಕಾರಗಳಿಗೆ ಮಾತ್ರ ಇದು ವಿನೋದವಾಗಿರಲಿಲ್ಲ. ಐಪಾಡ್ ಯಂತ್ರ 2001ರಲ್ಲಿ ಬಂದು ಮನೆಮಾತಾದ ಮೇಲೂ ಬ್ರಿಟನ್ನಿನಲ್ಲಿ ಇಂಥ ಪುಟ್ಟ ಪ್ರಸಾರ ಅಪರಾಧವೇ ಆಗಿತ್ತು. 2006ರ ಡಿಸೆಂಬರಿನಲ್ಲಿ ಅನುಮತಿ ಕೊಟ್ಟಾಗಲೂ ಹಾಕಿದ ಮಿತಿ 50 ನ್ಯಾನೋವಾಟು, ಎಂದರೆ ಒಂದು ವಾಟಿನ ಎರಡು ಕೋಟಿಯಲ್ಲಿ ಒಂದು ಪಾಲು! ಈ ಉಪಾಯಕ್ಕೆ 88ರಿಂದ 108 ಮೆಗಾಹರ್ಟ್ಸಿನ ನಡುವೆ ಖಾಲಿ ಜಾಗ ಬೇಕು. ಬೆಂಗಳೂರಿನಲ್ಲಿ 2001ರಲ್ಲಿ ಖಾಸಗಿ ಎಫ್.ಎಂ. ಕೇಂದ್ರ ತೊಡಗಿ, ಒಂದರ ಹಿಂದೊಂದು ಬಂದ ಮೇಲೆ ಅಲ್ಲಿ ಖಾಲಿ ಜಾಗ ಹುಡುಕುವುದು ಸಂತೆಯಲ್ಲಿ ಮೌನ ಹುಡುಕಿದಂತೆ. ಹಳ್ಳಿಯ ಹಾದಿಯಲ್ಲಿ ಸೊಗಸಾಗಿ ಕೇಳುತ್ತಿದ್ದ ಕೀರ್ತನೆಯ ಮೇಲೆ, ಪಟ್ಟಣ ಹತ್ತಿರವಾದಂತೆ ಜಾಹೀರಾತು ಏರಿ ಕೂರುತ್ತದೆ.

ಇನ್ನು ಆ ಹಳೆಯ ಹಗೆ. ಜೇಬಿನ ಯಂತ್ರಕ್ಕೆ ಗಾಡಿಯ ಬ್ಯಾಟರಿಯಿಂದಲೇ ವಿದ್ಯುತ್ತು ಕೊಟ್ಟು, ಅದರ ಹಾಡನ್ನೂ ತಂತಿಯಲ್ಲಿ ಪೆಟ್ಟಿಗೆಗೆ ಕೊಟ್ಟರೆ, ಕೆಲವು ವೇಳೆ ಕುಂಯ್ ಎಂಬ ರಾಗ ಹುಟ್ಟಿ ಎಂಜಿನಿನ ವೇಗದೊಂದಿಗೆ ಏರುತ್ತ ಇಳಿಯುತ್ತ ಹೋಗುತ್ತದೆ. ಎರಡು ದಾರಿಯಲ್ಲಿ ಭೂಸಂಪರ್ಕವಾಗಿ, ಗಾಡಿಯ ವಿದ್ಯುಜ್ಜನಕದ ಅಲುಗಾಟ ಹಾಡಿನ ತಂತಿಗೂ ಹೊಕ್ಕಿತೆಂದು ಇದರ ಅರ್ಥ. ಗ್ಯಾಲ್ವಿನ್ ಸಹೋದರರನ್ನು ಕಾಡಿದ ಕಿಡಿಗೆ ಇದು ತಮ್ಮನೇ. ವಿದ್ಯುತ್ತಿನ ತಂತಿಯನ್ನು ಕಿತ್ತು, ಜೇಬಿನ ಯಂತ್ರವನ್ನು ಅದರ ಸ್ವಂತ ಬ್ಯಾಟರಿಯ ಮೇಲೆ ಓಡಿಸಿ ನೋಡಿ. ಸದ್ದು ನಿಂತರೆ ರೋಗ ತಿಳಿಯಿತು. ಅಂಗಡಿಯಲ್ಲಿ ಸಿಕ್ಕುವ, ಎರಡು ಪುಟ್ಟ ಟ್ರಾನ್ಸ್‌ಫಾರ್ಮರುಗಳ ಡಬ್ಬಿಯನ್ನು ಹಾಡಿನ ತಂತಿಯ ನಡುವೆ ಸೇರಿಸಿದರೆ ವಾಸಿಯಾಗುತ್ತದೆ.

ತಯಾರಕರು ತಾವಾಗಿಯೇ 3.5 ಮಿಲಿಮೀಟರಿನ ರಂಧ್ರವನ್ನು ಗಾಡಿಗಳಲ್ಲಿ ಇಡುವ ರೂಢಿ 2000ದ ನಂತರದ ದಶಕದಲ್ಲಿ ಹಬ್ಬಿತು. ಒಂದು ತಂತಿ ಸಿಕ್ಕಿಸಿದರೆ ಮುಗಿಯಿತು. ಇಷ್ಟು ಸುಲಭವಾಯಿತಲ್ಲ ಎನ್ನುವಷ್ಟರಲ್ಲಿ ಲೋಪಸಂಧಿ ಒದಗಿತು: 2016ರ ಐಫೋನಿನಲ್ಲಿ ಅದಕ್ಕೆ ಜೋಡಿಯಾದ ರಂಧ್ರವನ್ನೇ ತೆಗೆದುಹಾಕಿದರು, ಬೇರೆಯವರು ಹಿಂಬಾಲಿಸಿದರು. ಅಮೆರಿಕದಲ್ಲಿ ಮಾರಾಟವಾದ ಹೊಸ ಗಾಡಿಗಳಲ್ಲಿ ಕ್ಯಾಸೆಟ್ಟಿನ ಬಾಯಿ ಇದ್ದ ಕಡೆಯದು 2010ರ ಲೆಕ್ಸಸ್ ಗಾಡಿಯೆಂದು ಪ್ರಸಿದ್ಧಿ. ಹುಸಿ ಕ್ಯಾಸೆಟ್ಟು ಮಾತ್ರ ಇನ್ನೂ ಮಾರಾಟಕ್ಕಿದೆ. ಬ್ಲೂಟೂತಿನಿಂದ ಹಾಡನ್ನು ಪಡೆಯುವ ಬಗೆಯದೂ ಬಂದು ತಂತಿಯ ಬಾಲ ಉದುರಿದೆ. ಒಳಗಿನ ಆ ಹಲ್ಲುಚಕ್ರಗಳು ಮಾತ್ರ ಇಲ್ಲದ ಟೇಪನ್ನು ಈಗಲೂ ಸುತ್ತುತ್ತಲೇ ಇವೆ.