ಹುಲ್ಲು ಹಲಗೆಯಾದ ಕಥೆ

ಮನೆ ಕಟ್ಟಿಸುವ ಕೆಲವರು ಈಗ ಗ್ರಾನೈಟ್, ಟೈಲ್ಸ್‌ಗಳ ಜೊತೆಗೆ ಬಿದಿರಿನ ನೆಲಹಾಸನ್ನೂ ವಿಚಾರಿಸುತ್ತಾರೆ. ಅಂಗಡಿಯಲ್ಲಿ ಅದಕ್ಕೆ ಮರದ ಹಲಗೆಗಳ ಸಾಲಿನಲ್ಲೇ ಜಾಗ. ಆದರೆ ಬಿದಿರು ಮರವಲ್ಲ. ಭತ್ತ, ರಾಗಿ, ಕಬ್ಬುಗಳ ಕುಲಕ್ಕೆ ಸೇರಿದ ಹುಲ್ಲು.

ಬಿದಿರಿನ ನೆಲ ಹೊಸದೇನೂ ಅಲ್ಲ. ಬ್ರಹ್ಮಪುತ್ರಾ ಬಯಲಿನ ಮಿಸಿಂಗ್ ಜನರ ‘ಚಾಂಗ್ ಘರ್’ ಕಂಬಗಳ ಮೇಲೆ ನಿಂತ ಮನೆ. ಸೀಳಿ ಹರವಿದ ಬಿದಿರೇ ಅದರ ನೆಲ. ನೆರೆ ಬಂದರೆ ನೀರು ಅಡಿಯಲ್ಲಿ ಹರಿದುಹೋಗುತ್ತದೆ, ಸೆಕೆಗಾಲದಲ್ಲಿ ಸಂದುಗಳಿಂದ ಗಾಳಿ ಬರುತ್ತದೆ.

ಕಾರ್ಖಾನೆಯ ಹಲಗೆಯ ಕಥೆ ಬೇರೆ. ಬೊಂಬನ್ನು ಪಟ್ಟಿಗಳಾಗಿ ಸೀಳಿ, ಹುಳ ಹಿಡಿಯದಂತೆ ಕುದಿಸಿ ಸಕ್ಕರೆ, ಪಿಷ್ಟಗಳನ್ನು ತೆಗೆದು, ಒಣಗಿಸಿ, ಅಂಟು ಹಾಕಿ ಬಿಸಿಯಲ್ಲಿ ಒತ್ತುತ್ತಾರೆ. ಈ ವಿದ್ಯೆಯಲ್ಲಿ ಚೀನಾ ಮುಂದೆ. 1990ರ ದಶಕದಲ್ಲಿ ಅಲ್ಲಿನ ಹಲಗೆ ಪಾಶ್ಚಾತ್ಯ ಮಾರುಕಟ್ಟೆಯನ್ನು ಹೊಕ್ಕಿತು.

ಬಿದಿರಿಗೆ ಬರವಿಲ್ಲದ ಭಾರತ ಹಿಂದೆ ಬಿದ್ದುದೇಕೆ? ಕಾರಣಗಳು ಹಲವು. ಅವುಗಳಲ್ಲಿ ಒಂದು ಮಾತ್ರ ವಿಚಿತ್ರ. ಬ್ರಿಟಿಷರ 1927ರ ಭಾರತೀಯ ಅರಣ್ಯ ಕಾಯಿದೆ ಬಿದಿರನ್ನು ‘ಮರ’ದ ವ್ಯಾಖ್ಯೆಯಲ್ಲಿ ಸೇರಿಸಿತ್ತು! ಸಸ್ಯಶಾಸ್ತ್ರ ಏನೇ ಹೇಳಲಿ, ಸ್ವಂತ ಹೊಲದ ಬಿದಿರನ್ನು ಸಾಗಿಸಲೂ ಅನೇಕ ಕಡೆ ರೈತ ರಹದಾರಿಗಾಗಿ ಅಲೆಯಬೇಕಿತ್ತು. ಅಂಥ ಬೆಳೆಯನ್ನು ಯಾರು ತಾನೇ ಬೆಳೆದಾರು? 2017ರ ನವೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಟು, ಮರುತಿಂಗಳು ಸಂಸತ್ತಿನ ಒಪ್ಪಿಗೆಯೂ ದೊರೆತು ಆ ಒಂದು ಪದ ಅಳಿಯಿತು. ಅದಕ್ಕೆ 90 ವರ್ಷ ಬೇಕಾಯಿತು. ಕಾಡಿನ ಬಿದಿರು ಮಾತ್ರ ಇಂದಿಗೂ ಅರಣ್ಯೋತ್ಪನ್ನವೇ.

ಹಾಗೆಂದು ಎಲ್ಲರಿಗೂ ಬಿದಿರು ದುರ್ಲಭವಾಗಿತ್ತೆಂದಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ ಕಾಡಿನ ಬಿದಿರು ರಿಯಾಯಿತಿ ದರದಲ್ಲಿ ಸಿಗುತ್ತಿತ್ತು. ಮೊರ, ಬುಟ್ಟಿ, ತೊಟ್ಟಿಲು ಹೆಣೆಯುವ ಮೇದಾರರು ಬಿದಿರು ಸಿಗುತ್ತಿಲ್ಲವೆಂದು 1970ರ ದಶಕದಲ್ಲಿ ದೂರಿದರು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ರಾಜ್ಯದ ಬಿದಿರಿನ ಸ್ಥಿತಿಯನ್ನು ಅಧ್ಯಯನ ಮಾಡಿದ್ದು ಆಗಲೇ. ಬಿದಿರನ್ನೇ ನಂಬಿದ ಕುಶಲಕರ್ಮಿಗೆ ಕೊರತೆ, ಅರೆದು ಕಾಗದ ಮಾಡುವವರಿಗೆ ರಿಯಾಯಿತಿ: ಈ ಲೆಕ್ಕ ಆಗಲೂ ಸರಿಯಿರಲಿಲ್ಲ.

ಕೊಳ್ಳುವವರು ಬಣ್ಣಕ್ಕೆ ಮರುಳಾಗದಿರುವುದು ಒಳಿತು. ಆವಿಯಲ್ಲಿ ಬೇಯಿಸಿ ಕಂದು ಬಣ್ಣ ತರಿಸಿದ ಪಟ್ಟಿ ನಸುಹಳದಿಯದಕ್ಕಿಂತ ಮೆದು. ನಾರನ್ನು ಬಿಡಿಸಿ ಅಂಟಿನೊಡನೆ ಭಾರೀ ಒತ್ತಡದಲ್ಲಿ ಗಟ್ಟಿಮಾಡಿದ್ದು ಎಲ್ಲಕ್ಕಿಂತ ಗಡಸು. ಬಲಿಯದ ಬಿದಿರಿನ ಹಲಗೆಗೆ ಬಾಳಿಕೆ ಕಡಿಮೆ. ಕಡಿಯುವಾಗ ಬೊಂಬಿಗೆ ನಾಲ್ಕೈದು ವರ್ಷವಾದರೂ ಆಗಿತ್ತೇ, ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಎಷ್ಟಿದೆ ಎಂದು ಕೇಳಬೇಕು. ನೀರು ನಿಲ್ಲುವ ಬಚ್ಚಲಿಗಂತೂ ಇದು ಬೇಡವೇ ಬೇಡ.